ಸೆಲೆ ನದಿಯ ದಾರಿ: ಮೊದಲು ಕ್ಯಾಲೆಂಡರ್ ನೋಡಿ, ಆಮೇಲೆ ಮ್ಯಾಪ್

ಬಸ್ಸಿಗೆ ಕೈ ಅಡ್ಡ ಹಿಡಿಯಬೇಕಿತ್ತು. ಇಷ್ಟು ಗೊತ್ತಿಲ್ಲದೆ ಅಕ್ಕ ಮತ್ತು ನಾನು 75 ಯೂರೋ ಕಳೆದುಕೊಂಡೆವು. ಸಾಗರದಲ್ಲಿ ಹುಟ್ಟಿ, ಖಾಸಗಿ ಬಸ್ಸಿಗೆ ಕೈ ಅಡ್ಡ ಹಿಡಿದೇ ಕಾಲೇಜು ಮುಗಿಸಿದವರು ನಾವು. ಫ್ರಾನ್ಸ್ ಅಲ್ವಾ, ಸ್ಟಾಪಿನಲ್ಲಿ ಕೂತರೆ ತಾನಾಗೇ ನಿಲ್ಲಿಸುತ್ತಾರೆ ಅಂದುಕೊಂಡಿದ್ದೆವು. ಅದನ್ನು ಕೊನೆಗೆ ಹೇಳುತ್ತೇನೆ, ಮೊದಲು ನಾವು ನಡೆದ ದಾರಿ ಯಾವುದು ಅಂತ ಹೇಳಿಬಿಡುತ್ತೇನೆ.

ಅಕ್ಕ ಇರುವುದು ಟೂಲೂಸ್‌ನಲ್ಲಿ. ಅಲ್ಲಿಂದ ಉತ್ತರಕ್ಕೆ ಲಾಟ್ ಎಂಬ ಜಿಲ್ಲೆ ಇದೆ, ಅದೇ ಹೆಸರಿನ ನದಿಯೂ ಇದೆ. ಲ ಪುಯಿ ಎಂಬ ಊರಿಂದ ಸ್ಪೇನಿನ ಸಾಂತಿಯಾಗೊವರೆಗೆ ಕ್ರೈಸ್ತ ಯಾತ್ರಿಕರು ನೂರಾರು ವರ್ಷಗಳಿಂದ ನಡೆಯುವ ದಾರಿ ಈ ಜಿಲ್ಲೆಯನ್ನು ಹಾದು ಹೋಗುತ್ತದೆ. ದೂರ ನಡೆಯುವವರ ಕಾಲುದಾರಿಗಳಿಗೆ ಅಲ್ಲಿ ಜಿಆರ್ ಅಂತ ನಂಬರ್ ಕೊಡುತ್ತಾರೆ, ಇದು ಜಿಆರ್ 65. ಎಲ್ಲರೂ ಅದನ್ನೇ ಹಿಡಿಯುತ್ತಾರೆ. ನೀವು ಹಿಡಿಯಬೇಡಿ. ಫಿಜಾಕ್ ಊರು ದಾಟಿದ ಮೇಲೆ ಅದರಿಂದ ಜಿಆರ್ 651 ಅಂತ ಒಂದು ಕವಲು ಒಡೆಯುತ್ತದೆ. ದೊಡ್ಡ ದಾರಿ ಸುಣ್ಣಕಲ್ಲಿನ ಒಣ ಬಯಲಿನ ಮೇಲೆ ಹೋದರೆ, ಈ ಕವಲು ಒಂದು ಸಣ್ಣ ನದಿಯ ಪಕ್ಕಕ್ಕೆ ಇಳಿಯುತ್ತದೆ. ನದಿಯ ಹೆಸರು ಸೆಲೆ. ನಮ್ಮ ಸೆಲೆಗೂ ಅದಕ್ಕೂ ಏನೂ ಸಂಬಂಧ ಇಲ್ಲ, ನೆನಪಿಡೋಕೆ ಸುಲಭ ಅಷ್ಟೆ.

ನದಿ ಪಕ್ಕ ಅಂದರೆ ಸಮತಟ್ಟು ಅಂದುಕೊಂಡು ನಾನು ಮೋಸ ಹೋದೆ. ಪ್ರತಿ ಹಳ್ಳಿ ಬಿಟ್ಟ ಕೂಡಲೇ ದಾರಿ ಗುಡ್ಡ ಹತ್ತುತ್ತದೆ, ಮೇಲೆ ಓಕ್ ಮರಗಳ ಕುರುಚಲು ಕಾಡಿನಲ್ಲಿ ಸುತ್ತುತ್ತದೆ, ಮುಂದಿನ ಹಳ್ಳಿಗೆ ಮತ್ತೆ ಇಳಿಯುತ್ತದೆ. ಮೊದಲ ದಿನ ಫಿಜಾಕ್‌ನಿಂದ ಎಸ್ಪಾನ್ಯಾಕ್‌ಗೆ 20 ಕಿಲೋಮೀಟರ್ ಮೇಲೇ ಆಗುತ್ತದೆ. ಮಂಡಿ ನೋವಿದ್ದವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ, ಸಡಿಲ ಕಲ್ಲು ಜಾಸ್ತಿ. ಕೋಲು ಬೇಕೇ ಬೇಕು. ದಾರಿ ತಪ್ಪುವ ಭಯ ಮಾತ್ರ ಇಲ್ಲ. ಮರಕ್ಕೋ ಕಲ್ಲಿಗೋ ಬಿಳಿ ಪಟ್ಟಿ, ಅದರ ಕೆಳಗೆ ಕೆಂಪು ಪಟ್ಟಿ ಬಳಿದಿರುತ್ತಾರೆ. ಅದೇ ಬಣ್ಣದಲ್ಲಿ ಗುಣಿಸು ಚಿಹ್ನೆ ಕಂಡರೆ ಆ ಕಡೆ ಹೋಗಬೇಡಿ ಅಂತ ಅರ್ಥ. ಹರಟೆ ಹೊಡೆಯುತ್ತಾ ನಾವು ಒಂದು ಗುಣಿಸು ಚಿಹ್ನೆ ದಾಟಿ, ಯಾರದೋ ಕುರಿ ದೊಡ್ಡಿಯ ಬಾಗಿಲಿಗೇ ಹೋಗಿ ನಿಂತಿದ್ದೆವು.

ಈಗ ಕ್ಯಾಲೆಂಡರ್ ವಿಷಯ. ನಾವು ಹೋದದ್ದು 2024ರ ಮೇ ಮೊದಲ ವಾರ. ಬಿಸಿಲು ಹದ, ಹುಲ್ಲಲ್ಲೆಲ್ಲ ಹೂವು, ನಡೆಯಲು ಇದಕ್ಕಿಂತ ಒಳ್ಳೆ ಕಾಲ ಇಲ್ಲ. ಆದರೆ ಮೇ ಅಂದರೆ ಫ್ರಾನ್ಸಿನಲ್ಲಿ ರಜೆಯ ತಿಂಗಳು. 1ನೇ ತಾರೀಖು ಕಾರ್ಮಿಕರ ದಿನ. 8ಕ್ಕೆ ಎರಡನೇ ಮಹಾಯುದ್ಧ ಮುಗಿದ ನೆನಪಿನ ರಜೆ. ಈಸ್ಟರ್ ಯಾವಾಗ ಬಂತು ಅನ್ನುವುದರ ಮೇಲೆ ಯೇಸು ಸ್ವರ್ಗಕ್ಕೇರಿದ ನೆನಪಿನ ಅಸೆನ್ಷನ್ ಹಬ್ಬದ ಗುರುವಾರವೂ ಸಾಮಾನ್ಯವಾಗಿ ಮೇನಲ್ಲೇ ಬೀಳುತ್ತದೆ. ಆ ವರ್ಷ 8 ಬುಧವಾರ, 9 ಹಬ್ಬದ ಗುರುವಾರ. ಶುಕ್ರವಾರ ಒಂದು ರಜೆ ಹಾಕಿದರೆ ಐದು ದಿನ ಬಿಡುವು. ಇದಕ್ಕೆ ಅವರು 'ಸೇತುವೆ ಕಟ್ಟುವುದು' ಅನ್ನುತ್ತಾರೆ. ನಾವು ಕಾಓರ್ ಪಟ್ಟಣದ ಸೇತುವೆ ನೋಡಲು ಹೋದದ್ದು, ಅವರ ಸೇತುವೆಯ ಕೆಳಗೆ ಸಿಕ್ಕಿಬಿದ್ದೆವು. ಭಾನುವಾರ ಹೊರಟಿದ್ದರಿಂದ ಮೊದಲ ದಿನ ಅಂಗಡಿ ಮುಚ್ಚಿತ್ತು. ಸೋಮವಾರ ಹೋಟೆಲುಗಳಿಗೆ ವಾರದ ರಜೆ. ಎರಡು ದಿನ ಅಕ್ಕನ ಚೀಲದಲ್ಲಿದ್ದ ಚಪಾತಿ, ಚಟ್ನಿಪುಡಿಯೇ ಗತಿ. ಮಂಗಳವಾರ ಹೊರಡಿ ಅಂತಲೇ ನನ್ನ ಸಲಹೆ.

ನೀರಿನದ್ದೂ ಒಂದು ಗುಟ್ಟು. ಗುಡ್ಡದ ಮೇಲೆ ಗಂಟೆಗಟ್ಟಲೆ ಒಂದು ನಲ್ಲಿಯೂ ಸಿಗುವುದಿಲ್ಲ. ಹಳೆ ಯಾತ್ರಿಕರೊಬ್ಬರು ಹೇಳಿಕೊಟ್ಟರು: ಸ್ಮಶಾನ ಹುಡುಕಿ. ಸಮಾಧಿಯ ಹೂಗಿಡಗಳಿಗೆ ಅಂತ ಹೆಚ್ಚಿನ ಹಳ್ಳಿಗಳ ಸ್ಮಶಾನದಲ್ಲಿ ನಲ್ಲಿ ಇಟ್ಟಿರುತ್ತಾರೆ. "ಸ್ಮಶಾನದ ನೀರಾ? ನಂಗೆ ಬೇಡ ಮಾರಾಯ್ತಿ" ಅಂದಿದ್ದಳು ಅಕ್ಕ. ಮಧ್ಯಾಹ್ನ ಮೂರರ ಹೊತ್ತಿಗೆ ನನಗಿಂತ ಮುಂಚೆ ಬಾಟಲಿ ಹಿಡಿದು ಗೇಟು ತೆಗೆದವಳೂ ಅವಳೇ. 'ನೋಂ ಪೊತಾಬ್ಲ್' ಅಂತ ಬೋರ್ಡ್ ಇದ್ದರೆ ಮಾತ್ರ ಕುಡಿಯಬೇಡಿ.

ಮಲಗಲು 'ಜಿತ್ ದೆತಾಪ್' ಅನ್ನುವ ಯಾತ್ರಿಕರ ಮನೆಗಳಿವೆ. ಒಂದೇ ಕೋಣೆಯಲ್ಲಿ ನಾಲ್ಕರಿಂದ ಹತ್ತು ಹಾಸಿಗೆ. ರಾತ್ರಿ ಊಟ, ಬೆಳಗಿನ ತಿಂಡಿ ಸೇರಿ ತಲೆಗೆ 46ರಿಂದ 50 ಯೂರೋ ಕೊಟ್ಟೆವು. ತಗಣೆಯ ಭಯಕ್ಕೆ ಚೀಲ, ಶೂ ಹೊರಗೇ ಇಡಿಸುತ್ತಾರೆ. ಅದನ್ನು ಅವಮಾನ ಅಂದುಕೊಳ್ಳಬೇಡಿ, ಇಡಿಸದ ಕಡೆಯೇ ಅನುಮಾನ ಪಡಿ. ಹೊದೆಯಲು ನಿಮ್ಮದೇ ತೆಳು ಹೊದಿಕೆ ಒಯ್ಯಿರಿ. ಮದುವೆ ಮನೆಯ ಜಮಖಾನದಲ್ಲಿ ಇಪ್ಪತ್ತು ಜನರ ಜೊತೆ ಮಲಗಿ ಬೆಳೆದ ನನಗೆ ಗೊರಕೆ ಏನೂ ಅನ್ನಿಸಲಿಲ್ಲ. ಅಕ್ಕನಿಗೆ ಅನ್ನಿಸಿತು. ಹೊರಡುವ ಮುಂಚೆಯೇ ಫೋನ್ ಮಾಡಿ ಹಾಸಿಗೆ ಹಿಡಿಯಿರಿ, ಮೇನಲ್ಲಂತೂ ವಾರಗಳ ಮುಂಚೆ.

ಸಸ್ಯಾಹಾರಿಗಳು ಗಮನವಿಟ್ಟು ಓದಿ. ಇದು ಬಾತುಕೋಳಿ ಸೀಮೆ. ಮಾಂಸ ಬೇಡ ಅಂದರೆ ಘಮಘಮ ಹುರಿದ ಆಲೂಗಡ್ಡೆ ತಂದಿಡುತ್ತಾರೆ, ಅದನ್ನು ಹುರಿದಿರುವುದು ಬಾತುಕೋಳಿ ಕೊಬ್ಬಿನಲ್ಲಿ. 'ಸಾಂ ಗ್ರೇಸ್ ದ ಕನಾರ್' ಎಂಬ ಮಾತನ್ನು ಬಾಯಿಪಾಠ ಮಾಡಿ. ಗಿಣ್ಣಿನ, ಅಂದರೆ ಚೀಸಿನ, ವಿಷಯದಲ್ಲೂ ಕಟ್ಟುನಿಟ್ಟು ಇರುವವರಿಗೆ ಕಷ್ಟ, ಅಲ್ಲಿ ಹಾಲು ಒಡೆಯಲು ಹೆಚ್ಚಾಗಿ ಕರುವಿನ ಹೊಟ್ಟೆಯ ರೆನೆಟ್ ಬಳಸುತ್ತಾರೆ. ನಾವು ಮೊಟ್ಟೆ, ಗಿಣ್ಣು ಎರಡೂ ತಿನ್ನುವವರು, ಬಚಾವಾದೆವು.

ಬಚಾವಾದದ್ದು ಮಾತ್ರವಲ್ಲ, ಆ ಪ್ರವಾಸದ ಅತಿ ಒಳ್ಳೆಯ ಊಟವನ್ನೂ ಮಾಡಿದೆವು. ಮಾರ್ಸಿಯಾಕ್ ಬಿಟ್ಟ ಮೇಲೆ ದಾರಿಯಲ್ಲಿ ಸಿಗುವ ಒಂದು ಹಳ್ಳಿ. ಮುಂದೆ ಮೂರು ಮೇಜು, ಒಳಗೆ ಅರ್ಧ ದಿನಸಿ ಅಂಗಡಿ, ಅರ್ಧ ಬಾರು. ನಾವು ತಲುಪಿದಾಗ ಎರಡಕ್ಕೆ ಹತ್ತು ನಿಮಿಷ. ಅಲ್ಲಿ ಮಧ್ಯಾಹ್ನದ ಊಟ ಹನ್ನೆರಡರಿಂದ ಎರಡು, ಅದರಾಚೆ ರಾಜ ಬಂದರೂ ಒಲೆ ಹಚ್ಚುವುದಿಲ್ಲ. ಅಂಗಡಿಯಮ್ಮ ಗಡಿಯಾರ ನೋಡಿದರು, ನಮ್ಮ ಕೆಸರು ಶೂ ನೋಡಿದರು, ನಿಟ್ಟುಸಿರು ಬಿಟ್ಟು ಬಾಣಲೆ ಇಟ್ಟರು. ಮೊದಲು ಸೊಪ್ಪಿನ ತಟ್ಟೆ ಬಂತು. ಮೇಲೆ ಅಕ್ರೋಟು, ಸುಟ್ಟ ಬ್ರೆಡ್ಡಿನ ಮೇಲೆ ಅಂಗೈಗಿಂತ ಸಣ್ಣ ಮೇಕೆ ಗಿಣ್ಣಿನ ಬಿಲ್ಲೆ, ಅದರ ಮೇಲೆ ಜೇನು. ಗಿಣ್ಣು ಬಿಸಿಗೆ ಒಳಗಷ್ಟೇ ಕರಗಿ, ಮೇಲೆ ತೆಳುವಾಗಿ ಗಟ್ಟಿಯಾಗಿತ್ತು. ಅಕ್ರೋಟು ಅಂದರೆ ನನಗೆ ಗೊತ್ತಿದ್ದದ್ದು ಡಬ್ಬಿಯಲ್ಲಿ ಕೂತು ಕಹಿಯಾದದ್ದು. ಇದು ಆ ಊರಿನ ಮರದ್ದೇ, ಹಸಿ ತೆಂಗಿನಕಾಯಿಯಂಥ ಸಿಹಿ. ಆಮೇಲೆ ಬೆಣ್ಣೆಯಲ್ಲಿ ಮಾಡಿದ ಆಮ್ಲೆಟ್, ಹಿತ್ತಲಿನ ಸೊಪ್ಪು ಹಾಕಿದ್ದು, ನಡುವೆ ಇನ್ನೂ ಮೆತ್ತಗೆ. ಅಕ್ಕ ಚಟ್ನಿಪುಡಿ ಡಬ್ಬಿ ತೆಗೆದಳು, ಅಂಗಡಿಯಮ್ಮ ಬೆರಳಲ್ಲಿ ಚೂರು ರುಚಿ ನೋಡಿ ಕೆಮ್ಮಿದರು, ಮತ್ತೆ ಕೇಳಿ ಹಾಕಿಸಿಕೊಂಡರು. ಬ್ರೆಡ್ ಎಷ್ಟಾದರೂ. ಕುಡಿಯುವ ನೀರಿಗೆ 'ಕರಾಫ್ ದೋ' ಅನ್ನಿ, ಹೂಜಿಯಲ್ಲಿ ನಲ್ಲಿ ನೀರು ಪುಕ್ಕಟೆ. ಸುಮ್ನೆ ನೀರು ಅಂದರೆ ಬಾಟಲಿ ತಂದು ಬಿಲ್ಲಿಗೆ ಸೇರಿಸುತ್ತಾರೆ. ಕಾಫಿ ಸೇರಿ ಒಬ್ಬರಿಗೆ 12 ಯೂರೋ. ಹೆಸರು ಬರೆಯುತ್ತಿಲ್ಲ. ಮಂಗಳವಾರ ಆ ದಾರಿಯಲ್ಲಿ ತೆರೆದಿದ್ದದ್ದು ಅದೊಂದೇ, ನಿಮಗೆ ತಪ್ಪುವುದಿಲ್ಲ.

ಕಾಬ್ರೆರೆ ಹಳ್ಳಿಯ ಮೇಲಿನ ಪೆಶ್ ಮೆರ್ಲ್ ಗುಹೆಯನ್ನು ಬಿಡಬೇಡಿ. 1922ರಲ್ಲಿ ಇಬ್ಬರು ಹದಿಹರೆಯದ ಹುಡುಗರು ನುಸುಳಿ ಕಂಡುಹಿಡಿದದ್ದು. ಒಳಗೆ ಚುಕ್ಕಿ ಚುಕ್ಕಿ ಮೈಯ ಎರಡು ಕುದುರೆಗಳಿವೆ, ಸುಮಾರು 29,000 ವರ್ಷ ಹಳೆಯವು. ಇದು ಫೋಟೊ ಅಲ್ಲ, ನಕಲೂ ಅಲ್ಲ, ಅಸಲಿ ಗೋಡೆ. ಗುಹೆ ಹಾಳಾಗದಿರಲಿ ಅಂತ ದಿನಕ್ಕೆ 700 ಜನರನ್ನಷ್ಟೇ ಬಿಡುತ್ತಾರೆ, ಮುಂಚೆಯೇ ಟಿಕೆಟ್ ಮಾಡಿಸಿ. ಕುದುರೆಗಳ ಸುತ್ತ ಅಂಗೈ ಗುರುತುಗಳಿವೆ. ಗೋಪೂಜೆ ದಿನ ನಮ್ಮ ಕಡೆ ದನದ ಮೈಗೆ ಕೆಮ್ಮಣ್ಣು, ಜೇಡಿಯ ಮುದ್ರೆ ಒತ್ತುತ್ತಾರಲ್ಲ, ಅದು ನೆನಪಾಯಿತು. ಆದರೆ ಇವರು ಮಾಡಿದ್ದು ಉಲ್ಟಾ. ಕೈಯನ್ನು ಗೋಡೆಗಿಟ್ಟು ಸುತ್ತ ಬಣ್ಣ ಊದಿದ್ದಾರೆ, ಕೈ ಇದ್ದ ಜಾಗ ಖಾಲಿ ಉಳಿದಿದೆ. ನನ್ನ ಅಂಗೈಯಷ್ಟೇ ದೊಡ್ಡದು. ಅಕ್ಕ ಹೊರಗೆ ಬರುವವರೆಗೂ ಮಾತಾಡಲಿಲ್ಲ. ಒಳಗೆ ತಣ್ಣಗಿರುತ್ತದೆ, ಸ್ವೆಟರ್ ಬೇಕು.

ಅಲ್ಲಿಂದ ಸೆಲೆ ಹೋಗಿ ಲಾಟ್ ನದಿಗೆ ಸೇರುತ್ತದೆ. ಬೂಝ್ಯೆಸ್ ಹಳ್ಳಿಯ ಬಳಿ ನದಿಗೆ ಅಂಟಿಕೊಂಡ ಬಂಡೆಯ ಬುಡದಲ್ಲೇ ದಾರಿ ಕೊರೆದಿದ್ದಾರೆ, ತಲೆಯ ಮೇಲೂ ಬಂಡೆ. 19ನೇ ಶತಮಾನದಲ್ಲಿ ದೋಣಿಗಳನ್ನು ದಡದಿಂದ ಹಗ್ಗ ಕಟ್ಟಿ ಎಳೆಯಲು ಮಾಡಿದ ದಾರಿ. ಇಡೀ ಪ್ರವಾಸದಲ್ಲಿ ನಾನು ಎರಡು ಸಲ ನಡೆದದ್ದು ಅದೊಂದನ್ನೇ.

ಅದರ ತುದಿಗಿರುವ ಸಾಂ ಸಿರ್ ಲಾಪೊಪಿ ಬಗ್ಗೆ ನನ್ನ ಮಾತು ನಂಬಬೇಡಿ, ನನಗೆ ಜನಜಂಗುಳಿ ಆಗುವುದಿಲ್ಲ. ಬಂಡೆಯ ನೆತ್ತಿಯ ಮೇಲೆ ಕೂತ ಮಧ್ಯಕಾಲದ ಹಳ್ಳಿ, 2012ರಲ್ಲಿ ಟಿವಿಯಲ್ಲಿ ಫ್ರೆಂಚರ ಅಚ್ಚುಮೆಚ್ಚಿನ ಹಳ್ಳಿ ಅಂತ ಗೆದ್ದದ್ದು. ಚಂದ ಇದೆ. ಆದರೆ ಅಂದು ಅಲ್ಲಿ ಶಿರಸಿ ಜಾತ್ರೆಯಷ್ಟು ಜನ. ಹಬ್ಬದ ದಿನ ಬೇರೆಲ್ಲೂ ಸಿಗದೆ 138 ಯೂರೋ ಕೊಟ್ಟು ಅಟ್ಟದ ಕೋಣೆ ಹಿಡಿದೆವು. ನೇರ ನಿಲ್ಲಲು ಆಗುತ್ತಿದ್ದದ್ದು ಬಾಗಿಲ ಬಳಿ ಮಾತ್ರ. ತಿಂಡಿಗೆ ಬೇರೆ ದುಡ್ಡು. ರಾತ್ರಿ ಎದ್ದಾಗೆಲ್ಲ ತೊಲೆಗೆ ತಲೆ. ಬೂಝ್ಯೆಸ್‌ನಲ್ಲೇ ಮಲಗಿ, ಬೆಳಿಗ್ಗೆ ಎಂಟಕ್ಕೆ ಇದನ್ನು ನೋಡಿ ಇಳಿದುಬಿಡಿ.

ಇಳಿದು ಸೇತುವೆ ದಾಟಿದರೆ ತೂರ್ ದ ಫೋರ್ ಹಳ್ಳಿ, ಅಲ್ಲೇ ಕಾಓರ್‌ಗೆ ಹೋಗುವ ಬಸ್ಸಿನ ಸ್ಟಾಪು. ಶುಕ್ರವಾರ ಬೆಳಗಿನ ಬಸ್ ಬರಲೇ ಇಲ್ಲ. ವೇಳಾಪಟ್ಟಿಯ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ 'ಶಾಲೆ ಇರುವ ದಿನ ಮಾತ್ರ' ಅಂತಿತ್ತು. ಶಾಲೆಯೂ ಸೇತುವೆ ಕಟ್ಟಿತ್ತು. ಮಧ್ಯಾಹ್ನದ ಬಸ್ ಬಂತು. ನಾವು ಬೆಂಚಿನಿಂದ ಎದ್ದು, ಮರ್ಯಾದೆಯಿಂದ ಚೀಲ ಹೆಗಲಿಗೇರಿಸಿದೆವು. ಡ್ರೈವರ್ ನಮ್ಮನ್ನು ನೋಡಿದ, ಹೋದ. ಹೊತ್ತು ಕಳೆಯಲು ಅಕ್ಕ ಬೆಳಿಗ್ಗೆ ತೆಗೆದ ಸೆಲ್ಫಿ ಇದೆ. ನಮ್ಮ ತಲೆಗಳ ಹಿಂದೆ ಕಂಬದ ಮೇಲೆ 'ಚಾಲಕನಿಗೆ ಕೈ ತೋರಿಸಿ' ಅಂತ ಫ್ರೆಂಚಿನಲ್ಲಿ ದಪ್ಪಕ್ಷರದಲ್ಲೇ ಬರೆದಿದೆ. 75 ಯೂರೋ ಟ್ಯಾಕ್ಸಿಗೆ ಹೋಯಿತು.

ಕಾಓರ್‌ನಲ್ಲಿ ಮೂರು ಗೋಪುರದ ಪೋಂ ವಾಲಾಂತ್ರೆ ಸೇತುವೆ ಇದೆ, 1308ರಲ್ಲಿ ಕಟ್ಟಲು ಶುರು ಮಾಡಿದ್ದು. ಬೇಗ ಮುಗಿಸಲು ಮೇಸ್ತ್ರಿ ಸೈತಾನನ ಸಹಾಯ ಪಡೆದು, ಕೊನೆಗೆ ಜರಡಿಯಲ್ಲಿ ನೀರು ತಾ ಅಂತ ಹೇಳಿ ಅವನಿಗೇ ಟೋಪಿ ಹಾಕಿದ ಕಥೆ ಇದೆ. ಆ ಸಿಟ್ಟಿಗೆ ಸೈತಾನ ನಡುಗೋಪುರದ ಒಂದು ಕಲ್ಲನ್ನು ದಿನಾ ರಾತ್ರಿ ಕಿತ್ತುಹಾಕುತ್ತಿದ್ದನಂತೆ. 1879ರಲ್ಲಿ ದುರಸ್ತಿ ಮಾಡಿದವರು ಆ ಮೂಲೆಯಲ್ಲಿ ಪುಟ್ಟ ಸೈತಾನನನ್ನೇ ಕೆತ್ತಿ ಕೂರಿಸಿದ್ದಾರೆ. ಸೈತಾನ ಈಗ ಬಸ್ ಓಡಿಸುತ್ತಿದ್ದಾನೆ ಅಂದಳು ಅಕ್ಕ. ಅಲ್ಲಿಂದ ಟೂಲೂಸ್‌ಗೂ ಪ್ಯಾರಿಸ್‌ಗೂ ನೇರ ರೈಲಿದೆ. ರೈಲಿಗೆ ಕೈ ಅಡ್ಡ ಹಿಡಿಯಬೇಕಾಗಿಲ್ಲ.