ಕೊಡೆ ಹಿಡಿದು ಬೀಡಿ

ಮಳೆಗಾಲದಲ್ಲಿ ಸೋಮವಾರಪೇಟೆಯಿಂದ ಮಡಿಕೇರಿಗೆ ಬಸ್ಸಿನಲ್ಲಿ ಹೋದ ಹಳಬರಿಗೆ ಆ ವಾಸನೆ ಗೊತ್ತಿರುತ್ತದೆ. ಕಿಟಕಿಗೆಲ್ಲ ಟಾರ್ಪಾಲ್ ಇಳಿಬಿಟ್ಟಿರುತ್ತಿದ್ದರು. ಒಳಗೆ ಒದ್ದೆ ಕೊಡೆ, ಒದ್ದೆ ಕಂಬಳಿ, ಜೊತೆಗೆ ಬೀಡಿ ಹೊಗೆ. ಮಾದಾಪುರ ಬರುವಷ್ಟರಲ್ಲಿ ನನಗೆ ಹೊಟ್ಟೆ ತೊಳೆಸುತ್ತಿತ್ತು. ಅಮ್ಮ ಸೆರಗಿನಿಂದ ನನ್ನ ಮೂಗು ಮುಚ್ಚಿ, ಕೈಗೊಂದು ನಿಂಬೆಹಣ್ಣು ಕೊಡುತ್ತಿದ್ದಳು. ಸೇದುವವರಿಗೆ ಒಂದು ಮಾತೂ ಹೇಳುತ್ತಿರಲಿಲ್ಲ. ಹೇಳಬಹುದು ಅನ್ನೋದೇ ಯಾರಿಗೂ ಹೊಳೆದಿರಲಿಲ್ಲ. ವಾಂತಿ ಮಾಡಿಕೊಂಡವಳು ನಾನು, ನಾಚಿಕೊಂಡವಳೂ ನಾನೇ.

ನರ್ಸ್ ಕೆಲಸಕ್ಕೆ ಐರ್ಲೆಂಡಿನ ಡಬ್ಲಿನ್‌ಗೆ ಬಂದದ್ದು 2003ರ ಕೊನೆಯಲ್ಲಿ. ಇಲ್ಲಿ ಪಬ್ ಅಂದರೆ ಬರೀ ಕುಡಿಯುವ ಜಾಗವಲ್ಲ. ಹುಟ್ಟುಹಬ್ಬ, ಸಾವು, ಮ್ಯಾಚು, ಊರ ಹರಟೆ ಎಲ್ಲಾ ಅಲ್ಲೇ. ವಾರ್ಡಿನವರ ಜೊತೆ ಮೊದಲ ಸಲ ಹೋದಾಗ ಎದುರು ಕೂತವರ ಮುಖವೇ ಹೊಗೆಯಲ್ಲಿ ಮಸುಕು. ರೂಮಿಗೆ ಬಂದು ಕೋಟನ್ನು ರಾತ್ರಿಯಿಡೀ ಕಿಟಕಿಗೆ ತೂಗುಹಾಕಿದ್ದೆ.

ಆಮೇಲೆ 2004ರ ಮಾರ್ಚ್ 29 ಬಂತು. ಪಬ್ಬೂ ಸೇರಿ ಕೆಲಸದ ಜಾಗಗಳೊಳಗೆ ಸೇದುವಂತಿಲ್ಲ ಅಂತ ಇಡೀ ದೇಶಕ್ಕೇ ಕಾನೂನು ಮಾಡಿದ ಮೊದಲ ದೇಶ ಐರ್ಲೆಂಡ್. ದಂಡ 3,000 ಯೂರೋವರೆಗೆ. ಸೇದಿದವರಿಗಷ್ಟೇ ಅಲ್ಲ, ಸೇದಲು ಬಿಟ್ಟ ಮಾಲೀಕರಿಗೂ. ವ್ಯಾಪಾರ ಮುಳುಗಿಹೋಗುತ್ತದೆ ಅಂತ ಪಬ್‌ನವರು ಬೊಬ್ಬೆ ಹಾಕಿದರು. ಆದರೆ ಈ ಕಾನೂನು ಗಿರಾಕಿಗಳ ಹೆಸರಲ್ಲಿ ಬಂದದ್ದಲ್ಲ, ದಿನಾ ಎಂಟು ಗಂಟೆ ಅಲ್ಲೇ ನಿಂತು ಬಿಯರ್ ಸುರಿಯುವ ಹುಡುಗನ ಶ್ವಾಸಕೋಶದ ಹೆಸರಲ್ಲಿ ಬಂದದ್ದು. ಅದಕ್ಕೇ ಅದು ಉಳಿದುಕೊಂಡಿತು ಅಂತ ನನಗನ್ನಿಸುತ್ತದೆ. "ನನ್ನ ದುಡ್ಡು, ನನ್ನ ಸಿಗರೇಟು" ಅನ್ನುವವರು ಆ ಹುಡುಗನ ಮುಖ ನೋಡಿ ಏನು ಹೇಳಬೇಕು?

ನಮ್ಮ ವಾರ್ಡಿನಲ್ಲಿ ಒಬ್ಬ ಸೀನಿಯರ್ ನರ್ಸ್ ಇದ್ದಳು. ಐವತ್ತೈದು ದಾಟಿತ್ತು. ಹಿಂದಿನ ಗೇಟಿನ ಬಳಿ, ಮಳೆಯಲ್ಲಿ, ಗೋಡೆಗೆ ಅಂಟಿಕೊಂಡು ಸೇದುತ್ತಿದ್ದಳು. ನಾನು ಹತ್ತಿರ ಹೋದರೆ ಸಿಗರೇಟಿದ್ದ ಕೈ ಸರಕ್ಕನೆ ಬೆನ್ನ ಹಿಂದೆ. ನಮ್ಮೂರಲ್ಲಿ ಹುಡುಗರು ದೊಡ್ಡವರನ್ನು ಕಂಡರೆ ಹಾಗೆ ಮಾಡುತ್ತಾರೆ ಅಲ್ವಾ? ಇಲ್ಲಿ ನನ್ನ ಅಮ್ಮನ ವಯಸ್ಸಿನವಳು ನನಗೆ ಹಾಗೆ ಮಾಡಿದಳು. ನಮ್ಮಲ್ಲಿ ಮರ್ಯಾದೆ ಸಿಗುತ್ತಿದ್ದದ್ದು ವಯಸ್ಸಿಗೆ. ಪಕ್ಕದಲ್ಲಿ ಕೂತವರ ಉಸಿರಿಗೆ ಅಲ್ಲ.

ಹಾಗಂತ ಇಲ್ಲಿನವರೆಲ್ಲ ಬುದ್ಧಿವಂತರು ಅಂದುಕೊಳ್ಳಬೇಡಿ. ಈ-ಸಿಗರೇಟನ್ನು ಇಂಡಿಯಾ 2019ರಲ್ಲೇ ನಿಷೇಧಿಸಿತು. ಇಲ್ಲಿ ಅಂಗಡಿ ತುಂಬಾ ಅದೇ. ಬಸ್ ಸ್ಟಾಪಿನಲ್ಲಿ ಯೂನಿಫಾರ್ಮ್ ಹಾಕಿದ ಮಕ್ಕಳ ಸುತ್ತ ಅದರದ್ದೇ ಮಾವಿನಹಣ್ಣಿನ ವಾಸನೆ. ಸಿಗರೇಟು ಕೊಳ್ಳುವ ವಯಸ್ಸನ್ನು ಕರ್ನಾಟಕ ಈಗಾಗಲೇ 21 ಮಾಡಿದೆ. ಇಲ್ಲಿ ಅದು ಜಾರಿಗೆ ಬರೋದು 2028ಕ್ಕೆ.

ಕಳೆದ ಆಗಸ್ಟಿನಲ್ಲಿ ಊರಿಗೆ ಹೋಗಿದ್ದೆ. ಮೈಸೂರಿಂದ ಹೊರಟರೆ ಹುಣಸೂರು, ಪಿರಿಯಾಪಟ್ಟಣದ ಉದ್ದಕ್ಕೂ ಹೊಗೆಸೊಪ್ಪಿನ ಹೊಲ, ಸೊಪ್ಪನ್ನು ಬಿಸಿಯಲ್ಲಿ ಒಣಗಿಸುವ ಬ್ಯಾರನ್ ಮನೆಗಳು. ಅಷ್ಟನ್ನೂ ದಾಟಿಯೇ ಕುಶಾಲನಗರ. ಅಲ್ಲಿ ಚಹಾಕ್ಕೆ ನಿಂತಾಗ, ಬೀಡಿ ಹಚ್ಚಲು ಹೊರಟ ಒಬ್ಬರು ನನ್ನ ಜೊತೆಗಿದ್ದ ಮಗುವನ್ನು ನೋಡಿ, ತಾವಾಗೇ ಎದ್ದು ರಸ್ತೆಯಾಚೆ ಹೋದರು. ಗೋಡೆಯ ಬೋರ್ಡಿಗೆ ಹೆದರಿ ಹೋದದ್ದಲ್ಲ. ಸಾರ್ವಜನಿಕ ಜಾಗದಲ್ಲಿ ಸೇದಿದರೆ ಮೊದಲು 200 ರೂಪಾಯಿ ಇದ್ದ ದಂಡ ಈಗ ನಮ್ಮ ರಾಜ್ಯದಲ್ಲಿ 1,000 ಆಗಿದೆ, ನಿಜ. ಆದರೆ ಅಲ್ಲಿ ಅದನ್ನು ಕೇಳುವವರು ಯಾರೂ ಇರಲಿಲ್ಲ.

ಅದೇ ಅಂಗಡಿಯ ಹೊರಗೆ ಪ್ರವಾಸಕ್ಕೆ ಬಂದ ಹುಡುಗಿಯೊಬ್ಬಳು ಸಿಗರೇಟು ಹಚ್ಚಿದಳು. ಇಡೀ ಅಂಗಡಿ ಅವಳನ್ನೇ ನೋಡಿತು. ಕಾಫಿ ತೋಟದ ಕೆಲಸಗಾರರ ಲೈನ್ ಮನೆಗಳಲ್ಲಿ ಅಜ್ಜಿಯರು ಬೀಡಿ ಸೇದುವುದನ್ನು ನೋಡಿಕೊಂಡೇ ಬೆಳೆದವರು ನಾವು. ಆಗ ಯಾರೂ ಕತ್ತು ತಿರುಗಿಸುತ್ತಿರಲಿಲ್ಲ. ಅವಳನ್ನು ದಿಟ್ಟಿಸಿದವರಲ್ಲಿ ಇಬ್ಬರ ಬಾಯಲ್ಲಿ ಕಡ್ಡಿಪುಡಿ ಇತ್ತು, ಬಿಡಿ.

ಮನೆಗೆ ಹೋದರೆ ಮಾವ ಜಗಲಿಯಲ್ಲಿಲ್ಲ. ನಾವು ಚಿಕ್ಕವರಿದ್ದಾಗ ಅದೇ ಜಗಲಿಯಲ್ಲಿ ಕೂತು, ನಮ್ಮನ್ನು ಸುತ್ತ ಕೂರಿಸಿಕೊಂಡು, ಕಥೆ ಹೇಳುತ್ತಾ ಒಂದಾದ ಮೇಲೊಂದು ಸೇದಿದವರು. ಈಗ ಕಾಫಿ ಕಣದ ಆಚೆ, ಹಲಸಿನ ಮರದ ಕೆಳಗೆ, ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಬೀಡಿ.

"ಏನ್ ಮಾವ, ಈ ಮಳೇಲಿ?"

"ಮೊಮ್ಮಗಳ ಆರ್ಡರ್ ಕಣಮ್ಮ. ಸೇದಿ ಒಳಗೆ ಬಂದ್ರೆ ತಾತ ವಾಸ್ನೆ ಅಂತಾಳೆ, ಹತ್ರ ಬರಲ್ಲ." ಆಮೇಲೆ ಕೇಳಿದರು, "ನಿಮ್ಮಲ್ಲಿ ಒಂದು ಪ್ಯಾಕ್ ಸಿಗರೇಟು ಎಷ್ಟು?"

"ಹದಿನೆಂಟು ಯೂರೋ ಮೇಲಿದೆ. ನಮ್ಮ ದುಡ್ಡಲ್ಲಿ ಸುಮಾರು ಸಾವಿರದ ಎಂಟುನೂರು."

ಮಾವ ಕೈಯಲ್ಲಿದ್ದ ಅರ್ಧ ಬೀಡಿಯನ್ನು ಒಮ್ಮೆ ನೋಡಿದರು. ಮರಕ್ಕೆ ಒತ್ತಿ ಆರಿಸಿ, ಜೋಪಾನವಾಗಿ ಬೀಡಿ ಕಟ್ಟಿನೊಳಗೆ ಸಿಕ್ಕಿಸಿದರು.