ಮಕ್‌ರಾಸ್ ಅಂಗಳದ ಮರ

ಐರ್ಲೆಂಡಿನ ಕಿಲಾರ್ನಿ ನ್ಯಾಷನಲ್ ಪಾರ್ಕಲ್ಲಿರೋ ಮಕ್‌ರಾಸ್ ಆ್ಯಬಿ ನೋಡ್ಕೊಂಡು ಬಂದ್ವಿ. ಹೆಸರಲ್ಲಿ ಆ್ಯಬಿ, ಅಂದ್ರೆ ಮಠಾಧಿಪತಿ ಇರೋ ದೊಡ್ಡ ಕ್ರೈಸ್ತ ಮಠ, ಅಂತಿದ್ರೂ ಇದು 1448ರಲ್ಲಿ ಫ್ರಾನ್ಸಿಸ್ಕನ್ ಅನ್ನೋ ಕ್ರೈಸ್ತ ಪಂಥದ ಸನ್ಯಾಸಿಗಳಿಗೆ ಅಂತ ಶುರುವಾದ ಫ್ರೈಯರಿ ಅನ್ನೋ ಬೇರೆ ಥರದ ಮಠ, 1650ರ ದಶಕದಲ್ಲಿ ಇಂಗ್ಲೆಂಡಿನ ಸೇನಾ ನಾಯಕ ಕ್ರಾಮ್‌ವೆಲ್‌ನ ಸೈನ್ಯ ಬಂದು ಹಾಳು ಮಾಡ್ತು, ಈಗ ಮಠದ ಚರ್ಚಿಗೆ ಚಾವಣಿನೇ ಇಲ್ಲ, ಒಳಗೆ ನಿಂತ್ರೆ ನೇರ ಆಕಾಶ ಕಾಣ್ಸುತ್ತೆ.

ಆದ್ರೆ ನನ್ನ ಮನಸ್ಸಲ್ಲಿ ಉಳಿದಿದ್ದು ನಡುವಿನ ಅಂಗಳ. ಸುತ್ತಲೂ ಕಲ್ಲಿನ ಮೊಗಸಾಲೆ, ಎರಡು ಕಡೆ ದುಂಡು ಕಮಾನು, ಇನ್ನೆರಡು ಕಡೆ ಚೂಪು ಕಮಾನು, ಮಧ್ಯದಲ್ಲಿ ಯೂ ಅನ್ನೋ ನಿತ್ಯಹಸಿರು ಜಾತಿಯ ಒಂದು ಭಾರೀ ಮರ. ಕಾಂಡ ಹಗ್ಗ ಹೊಸೆದ ಹಾಗೆ ತಿರುಚ್ಕೊಂಡಿದೆ, ಕೊಂಬೆಗಳು ಗೋಡೆ ದಾಟಿ ಮೇಲೆ ಹೋಗಿವೆ. ಮಠದಷ್ಟೇ ವಯಸ್ಸಂತೆ ಅದಕ್ಕೆ. ಮಳೆ ಹನೀತಿತ್ತು, ಎಲೆಯಿಂದ ನೀರು ತೊಟ್ಟಿಕ್ಕೋ ಸದ್ದು ಕೇಳ್ತಾ ತುಂಬಾ ಹೊತ್ತು ಅಲ್ಲೇ ಕೂತಿದ್ದೆ, ಎದ್ದು ಬರೋಕೆ ಮನಸ್ಸೇ ಆಗ್ಲಿಲ್ಲ.