ಲೈಟ್ ಬದಲಾಯಿಸಿದಾಗ ಸುಣ್ಣದ ಲೆಕ್ಕವೂ ಬದಲಾಯಿತು

ಹಳೆಯ ಮೆಟಲ್ ಹ್ಯಾಲೈಡ್ ದೀಪ ಇಳಿಸಿ ಎಲ್‌ಇಡಿ ಹಾಕಿದ್ದು ಮನೆಯಲ್ಲಿ ಹವಳ ಸಾಕಿರುವ ನನ್ನ ಉಪ್ಪುನೀರಿನ ಟ್ಯಾಂಕಿನಲ್ಲಿ ಹವಳಗಳಿಗಿಂತ ಮೊದಲು ಹೀಟರಿಗೆ ಗೊತ್ತಾಯಿತು. ಹಗಲೆಲ್ಲ ಸುಮ್ಮನಿರುತ್ತಿದ್ದದ್ದು ಮತ್ತೆ ಮತ್ತೆ ಆನ್ ಆಗತೊಡಗಿತು. 250 ವ್ಯಾಟಿನ ಹ್ಯಾಲೈಡ್ ಬಲ್ಬು ಬೆಳಕಿನ ಜೊತೆ ನೀರಿನ ಮೇಲೆ ಕಾವನ್ನೂ ಸುರಿಯುತ್ತದೆ. ಆ ಕಾವು ಹೋದರೆ ನೀರು ಆವಿಯಾಗಿ ಆರುವುದೂ ತಗ್ಗುತ್ತದೆ.

ಹಲವು ವರ್ಷದಿಂದ ನಿಂತ ಟ್ಯಾಂಕಿಗೆ ಇದು ಸಣ್ಣ ವಿಷಯವಲ್ಲ. ಆರಿದಷ್ಟು ನೀರನ್ನು ಸಿಹಿನೀರಿನಿಂದ ತುಂಬಬೇಕು, ಉಪ್ಪು ಆರಿಹೋಗುವುದಿಲ್ಲವಲ್ಲ. ಆ ಸಿಹಿನೀರಿಗೇ ನಾನು ಸುಣ್ಣ ಕದಡಿ, ತಿಳಿಯನ್ನಷ್ಟೇ ಹನಿಹನಿಯಾಗಿ ಬಿಡುತ್ತೇನೆ. ಹವಳ ತನ್ನ ಅಸ್ಥಿ ಕಟ್ಟಲು ಬೇಕಾದ ಕ್ಯಾಲ್ಸಿಯಂ, ಆಲ್ಕಲಿನಿಟಿ (ನೀರಿನ ಕ್ಷಾರಗುಣ) ಎರಡೂ ಅದರಿಂದಲೇ ಬರುತ್ತವೆ. ನೀರು ಕಡಿಮೆ ಆರಿದರೆ ಸುಣ್ಣದ ತಿಳಿಯೂ ಕಡಿಮೆ ಇಳಿಯುತ್ತದೆ. ಇದು ಗೊತ್ತಿದ್ದೇ ದಿನಾ ಸಂಜೆ ಟೆಸ್ಟ್ ಕಿಟ್ ಹಿಡಿದು ಕೂರುತ್ತಿದ್ದೆ. ಆಲ್ಕಲಿನಿಟಿ 8.2 ಡಿಕೆಎಚ್ (ಅದನ್ನು ಅಳೆಯುವ ಮಾನ) ಇದ್ದದ್ದು ಮೆಲ್ಲಗೆ 7.4ಕ್ಕೆ ಬಂತು. ಕೊರತೆಯಷ್ಟನ್ನು ಅಡುಗೆ ಸೋಡಾ ಮತ್ತು ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣಗಳಾಗಿ, ಬೇರೆ ಬೇರೆ ಹೊತ್ತಿನಲ್ಲಿ ಡೋಸಿಂಗ್ ಪಂಪಿನಿಂದ ಕೊಡಲು ಶುರುಮಾಡಿದೆ. ಎಲ್‌ಇಡಿ ಹಾಕಿದ ಮೇಲೆ ಬೆಳವಣಿಗೆ ನಿಂತಿತು ಎನ್ನುವವರು ಬೆಳಕನ್ನು ದೂರುವ ಮೊದಲು ಇದನ್ನೊಮ್ಮೆ ಅಳೆದು ನೋಡಲಿ ಎಂದು ನನಗೆ ಬಲವಾಗಿ ಅನಿಸುತ್ತದೆ.

ಬೆಳಕಿನದು ಬೇರೆಯೇ ಪಾಠ. ನೀಲಿ ಬೆಳಕು ನಮ್ಮ ಕಣ್ಣಿಗೆ ಮಂಕು. ಹವಳದೊಳಗೆ ವಾಸಿಸುವ ಪಾಚಿಗೆ ಅದೇ ಒಳ್ಳೆಯ ಊಟ. ಕಣ್ಣಂದಾಜಿನಲ್ಲಿ ಹೊಂದಿಸಿದರೆ ಬೆಳಕು ಅತಿಯಾಗಿ ಹವಳ ಬಿಳಿಚಿಕೊಳ್ಳುವ ಅಪಾಯವಿದೆ. ಹಾಗಾಗಿ ಪಾಚಿಗೆ ಒದಗುವ ಬೆಳಕನ್ನು ಅಳೆಯುವ ಪಾರ್ ಮೀಟರ್ ಬಾಡಿಗೆಗೆ ತಂದು, ಹ್ಯಾಲೈಡ್ ಇದ್ದಾಗಲೇ ಪ್ರತಿಯೊಂದು ಅಕ್ರೊಪೊರಾದ (ಕೊಂಬೆಕೊಂಬೆಯಾಗಿ ಬೆಳೆಯುವ ಹವಳ) ತುದಿಯಲ್ಲಿ ಅಳೆದು ಬರೆದಿಟ್ಟುಕೊಂಡಿದ್ದೆ. ಎಲ್‌ಇಡಿಯನ್ನು ಅದಕ್ಕಿಂತ ಸಾಕಷ್ಟು ಕಡಿಮೆಯಿಂದ ಶುರುಮಾಡಿ ವಾರವಾರವೂ ಸ್ವಲ್ಪ ಸ್ವಲ್ಪ ಏರಿಸಿದೆ. ತುದಿಗಳು ಚೆನ್ನಾಗಿಯೇ ಇವೆ. ಆದರೆ ಕೊಂಬೆಗಳ ಅಡಿಭಾಗಕ್ಕೆ ನೆರಳು ಜಾಸ್ತಿ. ದೊಡ್ಡ ರಿಫ್ಲೆಕ್ಟರಿನಿಂದ ಹರಡಿ ಬರುತ್ತಿದ್ದ ಬೆಳಕು ಈ ಪುಟ್ಟ ಲೆನ್ಸುಗಳಿಂದ ಬರುವುದಿಲ್ಲ. ಪಕ್ಕದಲ್ಲಿ ಎರಡು ಟಿ5 (ತೆಳು ಫ್ಲೋರೊಸೆಂಟ್) ಟ್ಯೂಬ್ ಸೇರಿಸಿದ ಮೇಲೆ ಸುಧಾರಿಸಿದೆ.

ಬೆಂಗಳೂರಿನಲ್ಲಿರುವ ನನ್ನ ತಮ್ಮ ವಿಡಿಯೋ ಕಾಲಿನಲ್ಲಿ ಇದನ್ನೆಲ್ಲ ನೋಡಿ ತಾನೂ ಒಂದು ಇಡುತ್ತೇನೆ ಅಂದ. ಬೇಡ ಕಣೋ, ಅಲ್ಲಿ ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯಲ್ಲಿವೆ, ನೋಡಬೇಕಿದ್ದರೆ ಮುರ್ಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪಕ್ಕೆ ಹೋಗು ಅಂದೆ. ಇಲ್ಲಿ ನ್ಯೂಜೆರ್ಸಿಯಲ್ಲಿ ನಾನು ಸಾಕಿರುವುದೆಲ್ಲ ಇತರರ ಟ್ಯಾಂಕುಗಳಲ್ಲಿ ಬೆಳೆದು, ಕತ್ತರಿಸಿ ಹಂಚಿದ ತುಂಡುಗಳು.

ನೊರೆ ಎಬ್ಬಿಸಿ ನೀರಿನ ಕೊಳೆ ತೆಗೆಯುವ ಹೊಸ ಸ್ಕಿಮ್ಮರ್ ಬಂದು ಇನ್ನೂ ಡಬ್ಬದಲ್ಲೇ ಇದೆ. ಅದು ಹಳೆಯದಕ್ಕಿಂತ ಬಿರುಸು, ನೀರಿನ ಪೋಷಕಾಂಶವನ್ನು ಹೆಚ್ಚು ಎಳೆದುಹಾಕುತ್ತದೆ. ಈಗಲೇ ಜೋಡಿಸಿ, ನಾಳೆ ಹವಳದ ಬಣ್ಣ ತೆಳುವಾದರೆ ಕಾರಣ ಬೆಳಕೋ ಸ್ಕಿಮ್ಮರೋ ಹೇಳಲಾಗದು. ಆಲ್ಕಲಿನಿಟಿ ಎಂಟರ ಆಸುಪಾಸಿನಲ್ಲಿ ಅಲುಗಾಡದೆ ನಿಲ್ಲುವ ತನಕ ಅದನ್ನು ಬಿಚ್ಚುವುದಿಲ್ಲ.